ಹಳ್ಳಿ ರಸ್ತೆಯ ಲೆಕ್ಕ: ಅಂದಾಜು ಪಟ್ಟಿಯಿಂದ ಅಳತೆ ಪುಸ್ತಕದವರೆಗೆ

ರಸ್ತೆ, ಟೆಂಡರ್, ಪಂಚಾಯಿತಿ ಖರ್ಚುವೆಚ್ಚದ ಬಗ್ಗೆ ಬಂದ ಪತ್ರಗಳಿಗೆ ಈ ಸಂಚಿಕೆಯಲ್ಲಿ ಉತ್ತರ. ಒಂದೇ ವಿಷಯದ ಪತ್ರಗಳನ್ನು ಒಟ್ಟುಗೂಡಿಸಿದ್ದೇವೆ.

ಪ್ರಶ್ನೆ: ನಮ್ಮೂರಿಂದ ಮುಖ್ಯರಸ್ತೆಗೆ ಸೇರುವ ಒಂದು ಕಿಲೋಮೀಟರ್ ರಸ್ತೆಗೆ ಡಾಂಬರು ಹಾಕಿ ಒಂದು ಮಳೆಗಾಲವೂ ಕಳೆದಿಲ್ಲ, ಜಲ್ಲಿ ಎದ್ದು ಬಂದಿದೆ. ಪಂಚಾಯಿತಿಯಲ್ಲಿ ಕೇಳಿದರೆ ‘ನಮ್ಮ ರಸ್ತೆಯಲ್ಲ’ ಅಂತಾರೆ, ಲೋಕೋಪಯೋಗಿಯಲ್ಲಿ ಕೇಳಿದರೂ ಅದೇ ಮಾತು. ಯಾರನ್ನು ಹಿಡಿಯಬೇಕು? ಎಷ್ಟು ಡಾಂಬರು ಬೀಳಬೇಕಿತ್ತು ಅಂತ ನಾವು ತಿಳಿಯುವುದು ಹೇಗೆ?
— ಬಯಲುಸೀಮೆಯ ಓದುಗರೊಬ್ಬರು

ಮೊದಲು ರಸ್ತೆ ಯಾರದೆಂದು ಗಟ್ಟಿಮಾಡಿಕೊಳ್ಳಿ. ರಾಜ್ಯ ಹೆದ್ದಾರಿ ಮತ್ತು ಜಿಲ್ಲಾ ಮುಖ್ಯರಸ್ತೆ ಲೋಕೋಪಯೋಗಿ ಇಲಾಖೆಗೆ ಸೇರಿದವು. ಹಳ್ಳಿಯಿಂದ ಹಳ್ಳಿಗೆ ಹೋಗುವ ಗ್ರಾಮೀಣ ರಸ್ತೆಗಳನ್ನು ಸಾಮಾನ್ಯವಾಗಿ ಜಿಲ್ಲಾ ಪಂಚಾಯಿತಿ ಕಡೆಯಿಂದ ಪಂಚಾಯತ್ ರಾಜ್ ಎಂಜಿನಿಯರಿಂಗ್ ಇಲಾಖೆ ನೋಡಿಕೊಳ್ಳುತ್ತದೆ. ಊರೊಳಗಿನ ಬೀದಿ, ಚರಂಡಿ ಗ್ರಾಮ ಪಂಚಾಯಿತಿಯದು. ಪ್ರಧಾನಮಂತ್ರಿ ಗ್ರಾಮ ಸಡಕ್ ಯೋಜನೆಯ ರಸ್ತೆಯಾದರೆ ಬದಿಯಲ್ಲಿ ಯೋಜನೆಯ ಫಲಕ ಇರುತ್ತದೆ. ಅದನ್ನು ಕರ್ನಾಟಕದಲ್ಲಿ ನಡೆಸುವುದು ಗ್ರಾಮೀಣ ರಸ್ತೆ ಅಭಿವೃದ್ಧಿ ಸಂಸ್ಥೆ. ಆದರೆ ರಸ್ತೆಯ ಒಡೆಯರು ಒಬ್ಬರು, ಕಾಮಗಾರಿ ಮಾಡಿಸಿದವರು ಇನ್ನೊಬ್ಬರು ಆಗಿರುವುದುಂಟು. ಶಾಸಕರ ಅನುದಾನದಲ್ಲಿ ಆದ ಕೆಲಸಕ್ಕೆ ನಿಮ್ಮ ಪಂಚಾಯಿತಿಯಲ್ಲಿ ಒಂದು ಹಾಳೆಯೂ ಸಿಗದಿರಬಹುದು. ಆದ್ದರಿಂದ ‘ರಸ್ತೆ ಯಾರದು’ ಎಂದು ಕೇಳುತ್ತ ಕೂರಬೇಡಿ, ‘ಕಾರ್ಯಾದೇಶ ಕೊಟ್ಟ ಕಚೇರಿ ಯಾವುದು’ ಎಂದು ಕೇಳಿ. ಆ ಕಚೇರಿಯಲ್ಲೇ ಕಡತ ಇರುತ್ತದೆ.

ಮಾಹಿತಿ ಹಕ್ಕಿನ ಅರ್ಜಿ ಅಲ್ಲಿಗೇ ಹೋಗಬೇಕು. ಶುಲ್ಕ 10 ರೂಪಾಯಿ, ಪ್ರತಿ ಪುಟದ ನಕಲಿಗೆ 2 ರೂಪಾಯಿ. ಕರ್ನಾಟಕದ ನಿಯಮದ ಪ್ರಕಾರ ಒಂದು ಅರ್ಜಿಗೆ ಒಂದೇ ವಿಷಯ, ಸಾಮಾನ್ಯವಾಗಿ 150 ಪದದೊಳಗೆ. ಇದನ್ನು ಮೀರಿದ ಅರ್ಜಿ ಬಹಳ ಸುಲಭವಾಗಿ ವಾಪಸಾಗುತ್ತದೆ. ‘ಭ್ರಷ್ಟಾಚಾರ ನಡೆದಿದೆ, ಕಳಪೆ ಕಾಮಗಾರಿಗೆ ಕಾರಣ ತಿಳಿಸಿ’ ಎಂದು ಬರೆದರೆ ಉತ್ತರವೇ ಬರುವುದಿಲ್ಲ. ಕಾರಣ ಕೊಡುವುದು ಮಾಹಿತಿ ಅಧಿಕಾರಿಯ ಕೆಲಸವಲ್ಲ. ಕಾಗದಗಳನ್ನು ಹೆಸರಿಟ್ಟು ಕೇಳಿ: ‘ಇಂಥ ಊರಿನಿಂದ ಇಂಥ ಊರಿಗೆ ಹೋಗುವ ರಸ್ತೆಯ ಡಾಂಬರೀಕರಣ ಕಾಮಗಾರಿಗೆ ಸಂಬಂಧಿಸಿ, ತಾಂತ್ರಿಕ ಮಂಜೂರಾತಿ ಪಡೆದ ಅಂದಾಜು ಪಟ್ಟಿ, ಕರಾರು ಪತ್ರ, ಕಾರ್ಯಾದೇಶ, ಅಳತೆ ಪುಸ್ತಕದ ಸಂಬಂಧಪಟ್ಟ ಪುಟಗಳು, ಎಲ್ಲ ಬಿಲ್ಲುಗಳು, ಡಾಂಬರು ಖರೀದಿಯ ಇನ್‌ವಾಯ್ಸ್‌ಗಳು ಮತ್ತು ಗುಣಮಟ್ಟ ಪರೀಕ್ಷಾ ವರದಿಗಳ ದೃಢೀಕೃತ ನಕಲು ಕೊಡಿ.’ 30 ದಿನದಲ್ಲಿ ಉತ್ತರ ಬಾರದಿದ್ದರೆ ಮುಂದಿನ 30 ದಿನದೊಳಗೆ ಅದೇ ಇಲಾಖೆಯ ಮೇಲ್ಮನವಿ ಅಧಿಕಾರಿಗೆ ಬರೆಯಿರಿ. ಅಲ್ಲೂ ಆಗದಿದ್ದರೆ 90 ದಿನದೊಳಗೆ ಮಾಹಿತಿ ಆಯೋಗ.

ಕಾಗದ ಕೈಗೆ ಬಂದಮೇಲೆ ಲೆಕ್ಕ ನಿಮ್ಮ ಅಂಗೈಯಲ್ಲೇ ಇದೆ. ಹಳ್ಳಿ ರಸ್ತೆಗೆ ಹೆಚ್ಚಾಗಿ ಹಾಕುವುದು 20 ಮಿಲಿಮೀಟರ್ ದಪ್ಪದ ಪ್ರೀಮಿಕ್ಸ್ ಕಾರ್ಪೆಟ್ (ಜಲ್ಲಿ, ಡಾಂಬರು ಮೊದಲೇ ಬೆರೆಸಿ ಹರಡುವ ಪದರ), ಅದರ ಮೇಲೆ ನೀರು ಇಳಿಯದಂತೆ ಮುಚ್ಚುವ ತೆಳು ಪದರ, ಅಂದರೆ ಸೀಲ್ ಕೋಟ್. ಅಗಲ 3.75 ಮೀಟರ್ ಎಂದಿಟ್ಟುಕೊಂಡರೆ ಒಂದು ಕಿಲೋಮೀಟರಿಗೆ 3,750 ಚದರ ಮೀಟರ್. ಈ ಕಾರ್ಪೆಟ್‌ಗೆ ಪ್ರತಿ 10 ಚದರ ಮೀಟರಿಗೆ 14.6 ಕಿಲೋ ಡಾಂಬರು ಬೇಕು, ಅಂದರೆ 5,475 ಕಿಲೋ. ಬಿ ಮಾದರಿಯ ಸೀಲ್ ಕೋಟ್‌ಗೆ ಪ್ರತಿ 10 ಚದರ ಮೀಟರಿಗೆ 6.8 ಕಿಲೋ, ಅದು 2,550 ಕಿಲೋ. ಎರಡೂ ಸೇರಿ ಎಂಟು ಟನ್ ದಾಟುತ್ತದೆ. ಪದರ ಅಂಟಿಕೊಳ್ಳಲು ಕೆಳಗೆ ಸಿಂಪಡಿಸುವ ಡಾಂಬರು, ಅಂದರೆ ಟ್ಯಾಕ್ ಕೋಟ್, ಇದಕ್ಕೆ ಹೊರತು. ಈಗ ಇನ್‌ವಾಯ್ಸ್ ನೋಡಿ. ಐದು ಟನ್ನಿನ ಕಾಗದ ಇಟ್ಟು ಪೂರ್ತಿ ಬಿಲ್ ಪಾಸಾಗಿದ್ದರೆ ಮೂರು ಟನ್ ಎಲ್ಲಿ ಹೋಯಿತೆಂದು ಲಿಖಿತವಾಗಿ ಕೇಳುವುದಕ್ಕೆ ಆಧಾರ ಸಿಕ್ಕಿತು. ಇನ್ನೊಂದು ಸೂಕ್ಷ್ಮ: ಒಂದು ಟ್ಯಾಂಕರ್ ಡಾಂಬರು ಒಂದೇ ಹಳ್ಳಿ ರಸ್ತೆಗೆ ಮುಗಿಯುವುದಿಲ್ಲ, ಗುತ್ತಿಗೆದಾರ ಅದನ್ನು ಎರಡು ಮೂರು ಕಾಮಗಾರಿಗೆ ಹಂಚಿರುತ್ತಾನೆ. ಹಂಚುವುದು ತಪ್ಪಲ್ಲ. ಆದರೆ ಅದೇ ಇನ್‌ವಾಯ್ಸ್ ಸಂಖ್ಯೆಯನ್ನು ಪಕ್ಕದೂರಿನ ಕಡತದಲ್ಲೂ ಪೂರ್ತಿ ತೂಕಕ್ಕೇ ಲಗತ್ತಿಸಿದ್ದರೆ ಅದು ಬೇರೆ ಮಾತು. ಪಕ್ಕದೂರಿನವರೂ ಅರ್ಜಿ ಹಾಕಿ ಎರಡನ್ನೂ ಒಟ್ಟಿಗಿಟ್ಟು ನೋಡಿದರೆ ಮಾತ್ರ ಇದು ಕಣ್ಣಿಗೆ ಬೀಳುತ್ತದೆ.

ಇನ್ನು ಅಳತೆ ಪುಸ್ತಕ, ಎಲ್ಲರೂ ಕರೆಯುವ ‘ಎಂ.ಬಿ.’. ಪುಟಗಳಿಗೆ ಮುದ್ರಿತ ಸಂಖ್ಯೆ ಇರುತ್ತದೆ. ಉದ್ದ, ಅಗಲ, ದಪ್ಪ, ಪರಿಮಾಣ ಎಂದು ಅಂಕಣ. ಕಿರಿಯ ಅಥವಾ ಸಹಾಯಕ ಎಂಜಿನಿಯರ್ ಬರೆದದ್ದನ್ನು ಸಹಾಯಕ ಕಾರ್ಯಪಾಲಕ ಎಂಜಿನಿಯರ್ (ಎ.ಇ.ಇ.) ಸ್ಥಳಕ್ಕೆ ಬಂದು ಮರು ಅಳತೆ ಮಾಡಿ ಸಹಿ ಹಾಕಬೇಕು. ಅಳಿಸಿ ತಿದ್ದುವಂತಿಲ್ಲ, ಹೊಡೆದುಹಾಕಿ ಪಕ್ಕದಲ್ಲಿ ಚಿಕ್ಕ ಸಹಿ ಮಾಡಬೇಕು. ನಿಜವಾಗಿ ಟೇಪ್ ಹಿಡಿದು ಅಳೆದವನ ಎಂ.ಬಿ.ಯಲ್ಲಿ ಅಗಲ 3.72, 3.80, 3.75 ಎಂದು ಅತ್ತಿತ್ತ ಆಗಿರುತ್ತದೆ. ಆರಂಭದಿಂದ ಕೊನೆವರೆಗೆ ಪ್ರತಿ 50 ಮೀಟರಿಗೂ 3.75 ಎಂದೇ ಇದ್ದರೆ ಅದು ಮೇಜಿನ ಮೇಲೆ ಹುಟ್ಟಿದ ಅಳತೆ ಎಂದು ಅನುಮಾನಿಸಲು ಸಾಕಷ್ಟು ಕಾರಣವಿದೆ. ದಿನಾಂಕಗಳನ್ನೂ ಸಾಲಾಗಿ ಬರೆದುಕೊಳ್ಳಿ: ಡಾಂಬರು ಖರೀದಿಸಿದ್ದು, ಹಾಕಿದ್ದು, ಅಳೆದದ್ದು, ಮರು ಅಳತೆ, ಬಿಲ್. ಮಾರ್ಚ್ ಕೊನೆಯ ವಾರದಲ್ಲಿ ಈ ಐದೂ ಎರಡು ದಿನದಲ್ಲಿ ಮುಗಿದಿದ್ದರೆ ಹುಬ್ಬೇರಿಸಲೇಬೇಕು.

ಜಲ್ಲಿ ಯಾಕೆ ಎದ್ದುಬಂತು ಎಂಬುದಕ್ಕೆ ಡಾಂಬರು ಕಡಿಮೆಯಾದದ್ದೊಂದೇ ಕಾರಣವಲ್ಲ. ಕೆಳಗಿನ ಧೂಳನ್ನು ಗುಡಿಸದೆ, ಟ್ಯಾಕ್ ಕೋಟ್ ಸಿಂಪಡಿಸದೆ ಹಾಕಿದರೆ ಹಾಳೆ ಹಾಳೆಯಾಗಿ ಕಿತ್ತುಬರುತ್ತದೆ. ಮಿಶ್ರಣ ತಣ್ಣಗಾಗಿದ್ದರೆ ರೋಲರ್ ಎಷ್ಟು ಓಡಿಸಿದರೂ ಕೂರುವುದಿಲ್ಲ: ವಿ.ಜಿ. 30 ದರ್ಜೆಯ ಡಾಂಬರಿನ ಬಿಸಿ ಮಿಶ್ರಣ ಹರಡುವಾಗ ಕನಿಷ್ಠ 140 ಡಿಗ್ರಿ ಸೆಲ್ಸಿಯಸ್ ಇರಬೇಕು, 90 ಡಿಗ್ರಿಗಿಂತ ಕೆಳಗೆ ಇಳಿಯುವ ಮೊದಲು ರೋಲಿಂಗ್ ಮುಗಿಯಬೇಕು. ದೂರದ ಪ್ಲಾಂಟಿನಿಂದ ತಾಡಪಾಲು ಹೊದಿಸದೆ ತಂದ ಲಾರಿ, ಮಧ್ಯೆ ರೈಲ್ವೆ ಗೇಟಿನಲ್ಲಿ ಅರ್ಧ ತಾಸು ನಿಂತರೆ ಕಥೆ ಮುಗಿಯಿತು. ಅಂಚು ಮಾತ್ರ ಒಡೆದಿದ್ದರೆ ಪಕ್ಕದ ಮಣ್ಣಿನ ಶೋಲ್ಡರ್ ತುಂಬಿಸಿಲ್ಲ. ನಡುವೆ ಗುಂಡಿ ಬಿದ್ದು ನೀರು ನಿಂತಿದ್ದರೆ ಇಳಿಜಾರು ಸರಿಯಿಲ್ಲ. 3.75 ಮೀಟರ್ ಅಗಲದ ರಸ್ತೆಗೆ 2.5 ಶೇಕಡಾ ಇಳಿಜಾರು ಎಂದರೆ ನಡುಭಾಗ ಅಂಚಿಗಿಂತ ಸುಮಾರು 47 ಮಿಲಿಮೀಟರ್ ಎತ್ತರ. ಅಡ್ಡಲಾಗಿ ದಾರ ಎಳೆದು, ಲೆವೆಲ್ ಇಟ್ಟು, ಸ್ಕೇಲಿನಲ್ಲಿ ನೋಡಿದರೆ ಐದು ನಿಮಿಷದ ಕೆಲಸ.

ದೂರು ಬರೆಯುವಾಗ ಇವನ್ನೆಲ್ಲ ಸೇರಿಸಿ ‘ಕಳಪೆ’ ಎನ್ನಬೇಡಿ. ಎಷ್ಟನೇ ಮೀಟರಿನಲ್ಲಿ, ಎಷ್ಟು ಅಗಲ, ಎಂ.ಬಿ.ಯ ಯಾವ ಪುಟಕ್ಕೆ ವಿರುದ್ಧ ಎಂದು ಬರೆಯಿರಿ. ಅಂಥ ದೂರಿಗೆ ‘ಪರಿಶೀಲಿಸಿ ಕ್ರಮ ವಹಿಸಲಾಗುವುದು’ ಎಂಬ ಒಂದೇ ಸಾಲಿನ ಉತ್ತರ ಕೊಡುವುದು ಕಷ್ಟ.

ಪ್ರಶ್ನೆ: ರಸ್ತೆಯ ಡಾಂಬರಿನ ತುಂಡು ಕಿತ್ತು ನಾವೇ ಲ್ಯಾಬಿಗೆ ಕೊಡಬಹುದೇ?

ನೀವಾಗಿ ಕಿತ್ತರೆ ಸಾರ್ವಜನಿಕ ಆಸ್ತಿ ಹಾಳುಮಾಡಿದ ಆರೋಪ ನಿಮ್ಮ ತಲೆಗೇ ಬರಬಹುದು, ಆ ಮಾದರಿಗೆ ಬೆಲೆಯೂ ಇರುವುದಿಲ್ಲ. ಮಾಹಿತಿ ಹಕ್ಕು ಕಾಯ್ದೆ, 2005ರ ಕಲಂ 2(ಜೆ) ಓದಿ. ಕಾಮಗಾರಿಯನ್ನು ಪರಿಶೀಲಿಸುವುದು, ಸಾಮಗ್ರಿಯ ದೃಢೀಕೃತ ಮಾದರಿ ಪಡೆಯುವುದು ಎರಡೂ ಮಾಹಿತಿಯ ಹಕ್ಕಿನೊಳಗೇ ಬರುತ್ತವೆ. ‘ಇಂಥ ಸ್ಥಳದಲ್ಲಿ ನನ್ನ ಸಮ್ಮುಖದಲ್ಲಿ ಮಾದರಿ ತೆಗೆದು, ದೃಢೀಕರಿಸಿ ಕೊಡಿ’ ಎಂದು ಕೇಳಿ. ಈ ಅವಕಾಶ ಬಳಸುವವರು ತೀರಾ ಕಮ್ಮಿ.

ಪ್ರಶ್ನೆ: ನಾನು ಮೊದಲ ಬಾರಿ ಗ್ರಾಮ ಪಂಚಾಯಿತಿ ಅಧ್ಯಕ್ಷೆಯಾಗಿದ್ದೇನೆ. ನನ್ನ ಹೆಸರಿನ ಡೋಂಗಲ್ ಕಚೇರಿಯಲ್ಲೇ ಇರುತ್ತದೆ, ಅವರೇ ಹಾಕಿ ಬಿಲ್ ಪಾಸು ಮಾಡುತ್ತಾರೆ. ಕೇಳಿದರೆ ‘ಅಮ್ಮಾ, ಇದು ಕಂಪ್ಯೂಟರ್ ಕೆಲಸ, ನಿಮಗ್ಯಾಕೆ ತಾಪತ್ರಯ’ ಅಂತಾರೆ. ಇದರಿಂದ ನನಗೇನಾದರೂ ತೊಂದರೆ ಇದೆಯೇ? ಬಿಲ್ಲಿಗೆ ಒಪ್ಪಿಗೆ ಕೊಡುವ ಮುನ್ನ ಏನೇನು ನೋಡಬೇಕು?
— ಕಲ್ಯಾಣ ಕರ್ನಾಟಕದಿಂದ

ತೊಂದರೆ ಇದೆ ಮೇಡಂ, ಅದೂ ಪೂರ್ತಿ ನಿಮಗೇ. ಡೋಂಗಲ್ ಎಂದರೆ ನಿಮ್ಮ ಡಿಜಿಟಲ್ ಸಹಿ ಇರುವ, ಕಂಪ್ಯೂಟರಿಗೆ ಸಿಕ್ಕಿಸುವ ಸಾಧನ; ಅದು ನಿಮ್ಮ ಸಹಿಯೇ. ಅದನ್ನು ತನ್ನ ಹತೋಟಿಯಲ್ಲಿ ಇಟ್ಟುಕೊಳ್ಳುವ ಎಚ್ಚರ ಸಹಿದಾರರದು ಎಂದು ಮಾಹಿತಿ ತಂತ್ರಜ್ಞಾನ ಕಾಯ್ದೆ, 2000ರ ಕಲಂ 42 ಹೇಳುತ್ತದೆ. ನಾಳೆ ವಸೂಲಾತಿ ನೋಟಿಸ್ ಬಂದಾಗ ‘ಆಪರೇಟರ್ ಹಾಕಿದ್ದ’ ಎಂದರೆ ಯಾರೂ ಕೇಳುವುದಿಲ್ಲ. ಇವತ್ತೇ ಡೋಂಗಲ್ ತೆಗೆದುಕೊಳ್ಳಿ, ಪಿನ್ ಬದಲಿಸಿ, ಮನೆಯಲ್ಲಿ ಬೀಗ ಹಾಕಿ ಇಡಿ. ಕೊಡಲು ಹಿಂದೆಮುಂದೆ ನೋಡಿದರೆ ಪಂಚಾಯಿತಿ ಅಭಿವೃದ್ಧಿ ಅಧಿಕಾರಿಗೆ (ಪಿ.ಡಿ.ಒ.) ಪತ್ರ ಕೊಟ್ಟು ಸ್ವೀಕೃತಿ ಪಡೆಯಿರಿ, ಪ್ರತಿಯನ್ನು ತಾಲ್ಲೂಕು ಪಂಚಾಯಿತಿ ಕಾರ್ಯನಿರ್ವಾಹಕ ಅಧಿಕಾರಿಗೆ (ಇ.ಒ.) ಕಳಿಸಿ.

ಬಿಲ್ ಎದುರಿಗೆ ಬಂದಾಗ ಮೊದಲು ಕ್ರಿಯಾ ಯೋಜನೆ (ಒಪ್ಪಿಗೆಯಾದ ಕೆಲಸಗಳ ಪಟ್ಟಿ) ತೆಗೆಸಿ, ಕಾಮಗಾರಿ ಅದರಲ್ಲಿ ಇದೆಯೇ ನೋಡಿ. 15ನೇ ಹಣಕಾಸು ಆಯೋಗದ 2021-22ರಿಂದ 2025-26ರವರೆಗಿನ ಅನುದಾನದಲ್ಲಿ 60 ಶೇಕಡಾ ಕುಡಿಯುವ ನೀರು ಮತ್ತು ನೈರ್ಮಲ್ಯಕ್ಕೆ ಕಟ್ಟಿಹಾಕಿದ್ದು. ಆ ಬಾಬಿನಲ್ಲಿ ಸಿಮೆಂಟ್ ರಸ್ತೆಯ ಬಿಲ್ ಬಂದರೆ ಅಲ್ಲೇ ನಿಲ್ಲಿಸಿ. ಉಳಿದ 40 ಶೇಕಡಾ ಊರಿನ ಅಗತ್ಯಕ್ಕೆ ಬಳಸಬಹುದು, ಸಂಬಳ ಸಾರಿಗೆಗಲ್ಲ. ಆಮೇಲೆ ಎಂ.ಬಿ. ಪುಟ, ಮರು ಅಳತೆಯ ಸಹಿ, ಕೆಲಸಕ್ಕೆ ಮೊದಲು, ನಡುವೆ, ಮುಗಿದಮೇಲೆ ತೆಗೆದ ಫೋಟೊ. ನಂತರ ಕಡಿತಗಳು: ಆದಾಯ ತೆರಿಗೆ ಮೂಲದಲ್ಲಿ ವ್ಯಕ್ತಿಗೆ 1 ಶೇಕಡಾ, ಕಂಪನಿ ಅಥವಾ ಪಾಲುದಾರಿಕೆ ಸಂಸ್ಥೆಗೆ 2, ಕಾರ್ಮಿಕ ಕಲ್ಯಾಣ ಸೆಸ್ 1, ಕರಾರಿನ ಮೊತ್ತ ಎರಡೂವರೆ ಲಕ್ಷ ದಾಟಿದರೆ ಜಿ.ಎಸ್‌.ಟಿ. ಮೂಲ ಕಡಿತ 2. ಜಲ್ಲಿ ಮರಳಿನ ರಾಜಧನವೂ (ರಾಯಲ್ಟಿ) ಇದೆ. ಇವು ಕಡಿತವಾಗದೆ ಹೋದರೆ ಲೆಕ್ಕಪರಿಶೋಧನೆಯಲ್ಲಿ ಆಕ್ಷೇಪಣೆ ಬರುವುದು ಖಚಿತ, ಅದನ್ನು ತೀರುವಳಿ ಮಾಡಿಸಲು ಮುಂದಿನ ಅಧ್ಯಕ್ಷರ ಕಾಲದವರೆಗೂ ಅಲೆಯಬೇಕಾಗುತ್ತದೆ.

ಕಾಮಗಾರಿ ಸ್ಥಳಕ್ಕೆ ಒಮ್ಮೆ ಹೋಗಿ ಬನ್ನಿ. ಊರೊಳಗಿನ ಸಿಮೆಂಟ್ ರಸ್ತೆ 100 ಮೀಟರ್ ಉದ್ದ, 3 ಮೀಟರ್ ಅಗಲ, 15 ಸೆಂಟಿಮೀಟರ್ ದಪ್ಪ ಎಂದರೆ 45 ಘನ ಮೀಟರ್ ಕಾಂಕ್ರೀಟು. ದಪ್ಪ 10 ಸೆಂಟಿಮೀಟರಿಗೆ ಇಳಿದರೆ 30 ಘನ ಮೀಟರ್. ಹಣದಲ್ಲಿ ಮೂರನೇ ಒಂದು ಭಾಗ ಹೋಯಿತು. ಇಲ್ಲಿ ಮೋಸ ಅಂಚಿನಲ್ಲಿ ಕಾಣುವುದಿಲ್ಲ. ಕಾಂಕ್ರೀಟು ಹರಿಯದಂತೆ ಎರಡೂ ಪಕ್ಕ ನಿಲ್ಲಿಸುವ ಪಟ್ಟಿ 15 ಸೆಂಟಿಮೀಟರೇ ಇರುತ್ತದೆ, ನಡುವೆ ಮಾತ್ರ ಹಳೆ ನೆಲವನ್ನು ಅಗೆಯದೆ ಉಬ್ಬಾಗಿ ಬಿಟ್ಟಿರುತ್ತಾರೆ. ಕಾಂಕ್ರೀಟು ಹಾಕುವ ಬೆಳಿಗ್ಗೆಯೇ ಎರಡು ಪಟ್ಟಿಗಳ ಮೇಲೆ ಅಡ್ಡಲಾಗಿ ದಾರ ಎಳೆಸಿ, ನಡುವಿನಲ್ಲಿ ದಾರದಿಂದ ನೆಲಕ್ಕೆ ಎಷ್ಟಿದೆ ಅಳೆಸಿ. 20 ಮೀಟರಿಗೊಮ್ಮೆ ಹೀಗೆ ಮಾಡಿ ಫೋಟೊ ತೆಗೆಸಿದರೆ ಸಾಕು. ಹಾಕಿದ ಮೇಲೆ ಮಡಿ ಕಟ್ಟಿ 14 ದಿನ ನೀರು ನಿಲ್ಲಿಸಬೇಕು, ಮೂರು ನಾಲ್ಕು ಮೀಟರಿಗೊಂದು ಅಡ್ಡ ಕೀಲು ಕತ್ತರಿಸಬೇಕು. ಕೀಲು ಕತ್ತರಿಸದಿದ್ದರೆ ಕಾಂಕ್ರೀಟು ತನಗೆ ಬೇಕಾದ ಕಡೆ ತಾನೇ ಸೀಳಿಕೊಳ್ಳುತ್ತದೆ.

ಪ್ರಶ್ನೆ: ಜಲಜೀವನ್ ಪೈಪಿಗಾಗಿ ಹೊಸ ಸಿಮೆಂಟ್ ರಸ್ತೆ ಕೊಯ್ದು ಮಣ್ಣು ಮುಚ್ಚಿ ಹೋಗಿದ್ದಾರೆ. ಪಂಚಾಯಿತಿ ಹಣದಲ್ಲಿ ಮತ್ತೆ ಮುಚ್ಚಬೇಕೇ?

ಬೇಡ. ಪೈಪ್‌ಲೈನ್ ಅಂದಾಜು ಪಟ್ಟಿಯಲ್ಲಿ ರಸ್ತೆ ಕತ್ತರಿಸುವುದು, ಮೊದಲಿನಂತೆ ಮಾಡುವುದು ಎಂದು ಸಾಮಾನ್ಯವಾಗಿ ಪ್ರತ್ಯೇಕ ಬಾಬು ಇರುತ್ತದೆ. ಗ್ರಾಮೀಣ ಕುಡಿಯುವ ನೀರು ಮತ್ತು ನೈರ್ಮಲ್ಯ ಇಲಾಖೆಯಿಂದ ಆ ಬಾಬಿನ ಎಂ.ಬಿ. ಪುಟ ಕೇಳಿ. ಹಣ ಕೊಟ್ಟಾಗಿದ್ದರೆ ಕೆಲಸ ಮಾಡಿಸಿಕೊಡಿ ಎನ್ನಿ. ಕೊಟ್ಟಿಲ್ಲದಿದ್ದರೆ ಅಂತಿಮ ಬಿಲ್ ತಡೆಹಿಡಿಯಲು ಪಂಚಾಯಿತಿ ಠರಾವು ಮಾಡಿ ಕಳಿಸಿ. ಮಣ್ಣನ್ನು ಒಮ್ಮೆಲೇ ಸುರಿಯದೆ 15ರಿಂದ 20 ಸೆಂಟಿಮೀಟರಿನ ಪದರವಾಗಿ ನೀರು ಹಾಕಿ ದಮ್ಮಸು ಮಾಡಿಸಬೇಕು, ಇಲ್ಲವಾದರೆ ಮೇಲೆ ಎಂಥ ಕಾಂಕ್ರೀಟು ಹಾಕಿದರೂ ಮೊದಲ ಮಳೆಗೆ ಕುಸಿಯುತ್ತದೆ.

ಪ್ರಶ್ನೆ: ನಾನು ಚಿಕ್ಕ ಗುತ್ತಿಗೆದಾರ. ತಾಂತ್ರಿಕ ಬಿಡ್‌ನಲ್ಲಿಯೇ ನನ್ನನ್ನು ಅನರ್ಹಗೊಳಿಸಿದರು, ‘ಬಿಡ್ ಸಾಮರ್ಥ್ಯ ಸಾಲದು’ ಅಂತ ಕಾರಣ. ಅನುಭವ ಪತ್ರ, ವಹಿವಾಟು ಎಲ್ಲ ಸರಿಯಿತ್ತು.

ಬಹಳ ಜನ ಎಡವುವುದು ಇಲ್ಲೇ. ಸೂತ್ರ ಹೀಗಿದೆ: ಕಳೆದ ಐದು ವರ್ಷದಲ್ಲಿ ಯಾವುದಾದರೂ ಒಂದು ವರ್ಷ ಮಾಡಿದ ಗರಿಷ್ಠ ಕಾಮಗಾರಿಯ ಮೊತ್ತವನ್ನು, ಹೊಸ ಕೆಲಸ ಮುಗಿಸಬೇಕಾದ ಅವಧಿಯಿಂದ (ವರ್ಷಗಳಲ್ಲಿ) ಗುಣಿಸಿ, ಮತ್ತೆ 1.5ರಿಂದ ಗುಣಿಸಿ, ಆ ಅವಧಿಯಲ್ಲಿ ಕೈಯಲ್ಲಿರುವ ಬಾಕಿ ಕೆಲಸದ ಮೊತ್ತ ಕಳೆಯಬೇಕು. ಗರಿಷ್ಠ ವಹಿವಾಟು 80 ಲಕ್ಷ, ಅವಧಿ ಆರು ತಿಂಗಳು, ಬಾಕಿ ಕೆಲಸ 20 ಲಕ್ಷ ಎನ್ನಿ. 80ನ್ನು 0.5 ಮತ್ತು 1.5ರಿಂದ ಗುಣಿಸಿದರೆ 60. ಅದರಲ್ಲಿ 20 ಕಳೆದರೆ 40 ಲಕ್ಷ. ಟೆಂಡರ್ 45 ಲಕ್ಷದ್ದಾದರೆ ನೀವು ಹೊರಗೆ. ಅವಧಿ ಚಿಕ್ಕದಾದಷ್ಟೂ ಸಾಮರ್ಥ್ಯ ಕುಗ್ಗುತ್ತದೆ. ಆದ್ದರಿಂದ ಅವಾಸ್ತವವಾಗಿ ಕಡಿಮೆ ಅವಧಿ ಇಟ್ಟ ಟೆಂಡರ್‌ಗೆ ಬಿಡ್ ಹಾಕುವ ಮೊದಲೇ ಲಿಖಿತ ಸ್ಪಷ್ಟೀಕರಣ ಕೇಳಬೇಕು, ಆಮೇಲಲ್ಲ. ಮುಗಿದ ಕೆಲಸಗಳನ್ನು ಬಾಕಿ ಪಟ್ಟಿಯಿಂದ ತೆಗೆಸದೆ ಇರುವುದು, ಬಾಕಿ ಕಾಲಂ ಖಾಲಿ ಬಿಡುವುದು ಇನ್ನೆರಡು ಸಾಮಾನ್ಯ ತಪ್ಪು.

ಲೆಕ್ಕ ನಿಮ್ಮ ಪರವಾಗಿದ್ದರೆ, ದರ ಲಕೋಟೆ ತೆರೆಯುವ ಮೊದಲೇ ಟೆಂಡರ್ ಕರೆದ ಅಧಿಕಾರಿಗೆ ಲಿಖಿತ ಆಕ್ಷೇಪಣೆ ಸಲ್ಲಿಸಿ. ಟೆಂಡರ್ ಅಂಗೀಕಾರದ ಆದೇಶದ ವಿರುದ್ಧ, 1999ರ ಸಾರ್ವಜನಿಕ ಸಂಗ್ರಹಣೆಗಳಲ್ಲಿ ಪಾರದರ್ಶಕತೆ ಅಧಿನಿಯಮದ (ಬಾಯಿಮಾತಿನ ‘ಕೆ.ಟಿ.ಪಿ.ಪಿ.’) ಕಲಂ 16ರಡಿ ಆದೇಶ ಕೈಸೇರಿದ 30 ದಿನದೊಳಗೆ ಮೇಲ್ಮನವಿ ಹಾಕಬಹುದು. ದಿನ ಎಣಿಸುತ್ತಿರಿ.

ಪ್ರಶ್ನೆ: ನಮ್ಮ ತಾಲ್ಲೂಕಿನಲ್ಲಿ ಟೆಂಡರ್ ಇಲ್ಲದೆಯೇ ಕೆಲಸಗಳನ್ನು ಭೂಸೇನೆಗೆ, ನಿರ್ಮಿತಿ ಕೇಂದ್ರಕ್ಕೆ ಕೊಡುತ್ತಾರೆ. ಇದು ಕಾನೂನುಬದ್ಧವೇ?

ಭೂಸೇನೆ ಎಂದು ಜನ ಈಗಲೂ ಕರೆಯುವ ಗ್ರಾಮೀಣ ಮೂಲಸೌಕರ್ಯ ಅಭಿವೃದ್ಧಿ ನಿಗಮಕ್ಕೂ ನಿರ್ಮಿತಿ ಕೇಂದ್ರಗಳಿಗೂ ಅದೇ ಕೆ.ಟಿ.ಪಿ.ಪಿ. ಅಧಿನಿಯಮದ ಕಲಂ 4(ಜಿ) ಅಡಿ ಸರ್ಕಾರ ಅಧಿಸೂಚನೆ ಹೊರಡಿಸಿ ವಿನಾಯಿತಿ ಕೊಡುವುದುಂಟು. ವಿನಾಯಿತಿ ಇರುವುದು ಟೆಂಡರ್ ಕರೆಯುವುದಕ್ಕೆ ಮಾತ್ರ. ಅಂದಾಜು ಪಟ್ಟಿ, ಎಂ.ಬಿ., ಗುಣಮಟ್ಟ ಪರೀಕ್ಷೆ, ಲೆಕ್ಕಪರಿಶೋಧನೆ, ಮಾಹಿತಿ ಹಕ್ಕು ಎಲ್ಲವೂ ಅವರಿಗೂ ಅನ್ವಯ. ಹಾಗಾಗಿ ನಿಮ್ಮ ಕಾಮಗಾರಿಗೆ ಅನ್ವಯಿಸಿದ ಅಧಿಸೂಚನೆಯ ಸಂಖ್ಯೆ, ದಿನಾಂಕ, ಅದರಲ್ಲಿರುವ ಮೊತ್ತದ ಮಿತಿ ಕೇಳಿ. ಒಂದೇ ರಸ್ತೆಯನ್ನು ‘ಭಾಗ 1’, ‘ಭಾಗ 2’ ಎಂದು ಒಡೆದು ಮಿತಿಯೊಳಗೆ ತೂರಿಸಿದ್ದರೆ ಪ್ರಶ್ನೆ ಎತ್ತಬೇಕಾದ್ದು ಅಲ್ಲಿ. ನಮ್ಮ ಅಭಿಪ್ರಾಯ ಕೇಳಿದರೆ, ತುರ್ತು ಪ್ರವಾಹ ಪರಿಹಾರಕ್ಕೆ ಈ ದಾರಿ ಸರಿ; ಊರೊಳಗಿನ ಮಾಮೂಲಿ ರಸ್ತೆಗೆ ಸರಿಯಲ್ಲ.

ಪ್ರಶ್ನೆ: ಗುಂಡಿ ಮುಚ್ಚಲು ಪ್ರತಿವರ್ಷ ಹೊಸ ಟೆಂಡರ್. ಹಾಕಿದ ಗುತ್ತಿಗೆದಾರನಿಗೆ ಹೊಣೆಯೇ ಇಲ್ಲವೇ?

ಇದೆ. ಕರಾರಿನಲ್ಲಿ ‘ದೋಷ ಬಾಧ್ಯತಾ ಅವಧಿ’ ಎಂಬ ಸಾಲು ಹುಡುಕಿ. ಆ ಅವಧಿ ಕೆಲಸ ಮುಗಿದ ದಿನದಿಂದ ಎಣಿಕೆ. ಅಷ್ಟರೊಳಗೆ ಕಾಣಿಸಿಕೊಂಡ ದೋಷವನ್ನು ಗುತ್ತಿಗೆದಾರ ತನ್ನ ಖರ್ಚಿನಲ್ಲಿ ಸರಿಪಡಿಸಬೇಕು, ಇಲ್ಲವಾದರೆ ಇಲಾಖೆ ಅವನ ಭದ್ರತಾ ಠೇವಣಿಯಿಂದ ಮಾಡಿಸಬೇಕು. ಗ್ರಾಮ ಸಡಕ್ ರಸ್ತೆಯಲ್ಲಿ ಐದು ವರ್ಷದ ವಾಡಿಕೆ ನಿರ್ವಹಣೆಯೂ ಅದೇ ಗುತ್ತಿಗೆದಾರನ ಕರಾರಿನಲ್ಲಿ ಸೇರಿರುತ್ತದೆ, ಪೊದೆ ಕಡಿಯುವುದು, ಮೋರಿ ತೆರವು ಸಮೇತ. ಅಡ್ಡದಾರಿ ಎಲ್ಲಿದೆ ಗೊತ್ತೇ? ಠೇವಣಿ ವಾಪಸು ಕೊಡುವ ದಿನ ಬಂದಾಗ ಯಾರೂ ಸ್ಥಳ ನೋಡದೆ ‘ದೋಷವಿಲ್ಲ’ ಪ್ರಮಾಣಪತ್ರ ಬರೆದುಬಿಡುತ್ತಾರೆ. ಅವಧಿ ಮುಗಿಯಲು ಮೂರು ತಿಂಗಳಿರುವಾಗಲೇ ದಿನಾಂಕ ಇರುವ ಫೋಟೊಗಳೊಂದಿಗೆ ಕಾರ್ಯಪಾಲಕ ಎಂಜಿನಿಯರ್‌ಗೆ ಸ್ಪೀಡ್ ಪೋಸ್ಟ್‌ನಲ್ಲಿ ದೂರು ಕಳಿಸಿ. ಕಡತದಲ್ಲಿ ನಿಮ್ಮ ದೂರು ಇರುವಾಗ ಆ ಪ್ರಮಾಣಪತ್ರಕ್ಕೆ ಸಹಿ ಹಾಕುವ ಕೈ ಸ್ವಲ್ಪ ಯೋಚಿಸುತ್ತದೆ.

ಪ್ರಶ್ನೆ: ಪಂಚಾಯಿತಿಯ ಇಡೀ ವರ್ಷದ ಖರ್ಚು ಒಟ್ಟಿಗೆ ಎಲ್ಲಿ ನೋಡಲು ಸಿಗುತ್ತದೆ?

ಜಮಾಬಂದಿಯಲ್ಲಿ. ಪ್ರತಿವರ್ಷ ಆಗಸ್ಟ್–ಸೆಪ್ಟೆಂಬರ್ ಹೊತ್ತಿಗೆ ಹಿಂದಿನ ವರ್ಷದ ಜಮಾ ಖರ್ಚು, ಕಾಮಗಾರಿ ಕಡತಗಳನ್ನು ಸಾರ್ವಜನಿಕರ ಮುಂದಿಟ್ಟು, ಸ್ಥಳವನ್ನೂ ನೋಡುವ ಪದ್ಧತಿ ಇದು; ನೋಡಲು ಹೊರಗಿನ ಅಧಿಕಾರಿಯನ್ನು ನೇಮಿಸುತ್ತಾರೆ. ಟಾಂಟಾಂ ಹೊಡೆಸದೆ ಮುಗಿಸುವ ಕಡೆಗಳೂ ಇವೆ. ಹಾಗಾಗಿ ಜುಲೈನಲ್ಲೇ ಪಿ.ಡಿ.ಒ.ಗೆ ಪತ್ರ ಬರೆದು ದಿನಾಂಕ ಕೇಳಿಡಿ. ಹೋಗುವಾಗ ನಿಮ್ಮ ಬೀದಿಯ ಎರಡು ಕಾಮಗಾರಿಯನ್ನಷ್ಟೇ ಆರಿಸಿಕೊಳ್ಳಿ, ಟೇಪ್ ಒಯ್ಯಿರಿ, ಅಧಿಕಾರಿಯನ್ನು ಅಲ್ಲಿಗೇ ಕರೆದೊಯ್ದು ಎಂ.ಬಿ. ಪಕ್ಕದಲ್ಲಿಟ್ಟು ಅಳೆಸಿ. ವ್ಯತ್ಯಾಸ ಬಂದರೆ ಅದನ್ನು ಅಂದಿನ ನಡಾವಳಿಯಲ್ಲೇ ಬರೆಸಿ, ಪ್ರತಿ ಕೇಳಿ ಪಡೆಯಿರಿ.